ಹೆಸರು ಮುಚ್ಚಿಟ್ಟು ಪೋರ್ಟ್ ವೈನ್ ರುಚಿ ನೋಡಿದ್ದು: ಎಂಟು ವಾರದ ಕೆಲಸ, ದಿನಾಂಕದ ಸಮೇತ

ಜನವರಿ 18ರ ಭಾನುವಾರ ಸಂಜೆ ಚಿಕ್ಕಬಳ್ಳಾಪುರದ ನಮ್ಮ ಮನೆಯ ಮಹಡಿ ಕೋಣೆಯಲ್ಲಿ ಏಳು ಜನ ಕೂತು, ಯಾವ ಗ್ಲಾಸಿನಲ್ಲಿ ಏನಿದೆ ಎಂದು ತಿಳಿಯದೆ, ಆರು ಗ್ಲಾಸು ಪೋರ್ಟ್ ವೈನಿಗೆ ಅಂಕ ಕೊಟ್ಟೆವು. ಕೂತದ್ದು ಎರಡು ಗಂಟೆ, ತಯಾರಿಗೆ ಹಿಡಿದದ್ದು ಎಂಟು ವಾರ. ಲೇಬಲ್ಲಿಗೆ ಒಂದು ಕಾಗದ ಸುತ್ತಿದರೆ ಮುಗಿಯಿತು ಎಂದುಕೊಂಡು ಶುರು ಮಾಡಿದವನು ನಾನು. ಬಾಟಲಿಯ ಆಕಾರ, ಬಣ್ಣ, ತಣುಪು, ಕೋಣೆಯ ವಾಸನೆ, ಹುಯ್ಯುವವರ ಮುಖ, ಪಕ್ಕದವರ ಮಾತು, ಇವೆಲ್ಲವೂ ಗುಟ್ಟು ಬಿಟ್ಟುಕೊಡುತ್ತವೆ. ಒಂದೊಂದನ್ನೂ ಮುಚ್ಚುತ್ತಾ ಹೋದದ್ದೇ ಈ ಕೆಲಸ. ಎರಡು ಕಡೆ ದೊಡ್ಡ ತಪ್ಪು ಮಾಡಿದ್ದೇನೆ. ಅವನ್ನು ಬಿಡಿಸಿ ಬರೆದಿದ್ದೇನೆ, ಇಂಥದ್ದನ್ನು ಮಾಡಹೊರಟವರಿಗೆ ಉಳಿದದ್ದಕ್ಕಿಂತ ಅದೇ ಹೆಚ್ಚು ಉಪಯೋಗಕ್ಕೆ ಬಂದೀತು.

ನವೆಂಬರ್ 22, 2025. ಬಾಟಲಿಗಳು

ಕೂರುವವರು ಯಾರೆಂದು ಮೊದಲೇ ಗೊತ್ತಿತ್ತು. ದ್ರಾಕ್ಷಿ ಬೆಳೆಯುವ ಇಬ್ಬರು, ಕಾಲೇಜಿನಲ್ಲಿ ಕೆಮಿಸ್ಟ್ರಿ ಹೇಳಿಕೊಡುವ ಮೇಷ್ಟ್ರು, ಬೇಕರಿ ನಡೆಸುವ ಗೆಳೆಯ, ಬ್ಯಾಂಕಿನವರೊಬ್ಬರು, ಬೆಂಗಳೂರಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿರುವ ನನ್ನ ಚಿಕ್ಕಪ್ಪನ ಮಗ, ಮತ್ತೆ ನಾನು. ಮೂರು ವರ್ಷದಿಂದ ಒಟ್ಟಿಗೆ ವೈನ್ ರುಚಿ ನೋಡುತ್ತಾ ಬಂದವರು. ಪೋರ್ಟ್ ಒಂದನ್ನೇ ಹಿಡಿದು ಕೂತದ್ದು ಇದೇ ಮೊದಲು.

ನಮ್ಮ ಕಡೆ ಪೋರ್ಟ್ ವೈನ್ ಎಂದರೆ ಅಂಗಡಿಯ ಕೆಳಗಿನ ಸಾಲಲ್ಲಿರುವ ಸಿಹಿ ಕೆಂಪು ವೈನ್. ಆದರೆ ಆ ಹೆಸರು ಹುಟ್ಟಿದ್ದು ಪೋರ್ಚುಗಲ್ಲಿನ ಡೌರೊ ಕಣಿವೆಯ ವೈನಿನಿಂದ. 1756ರಲ್ಲೇ ಆ ಕಣಿವೆಗೆ ಎಲ್ಲೆ ಗುರುತಿಸಿ, ಅದರೊಳಗೆ ಬೆಳೆದ ದ್ರಾಕ್ಷಿಗೆ ಮಾತ್ರ ಆ ಹೆಸರು ಎಂದು ಮಾಡಿದರು. ಎರಡನ್ನೂ ಒಂದೇ ಮೇಜಿನ ಮೇಲೆ, ಹೆಸರಿಲ್ಲದೆ ಇಟ್ಟು ನೋಡಬೇಕು ಎಂಬುದೇ ನನ್ನ ಆಸೆ.

ಕೊನೆಗೆ ಕೂಡಿದ್ದು ಐದು ಬಗೆ:

ರೂಬಿ ರಿಸರ್ವ್ (ಕಡುಗೆಂಪು ಬಗೆಯ ಪೋರ್ಟ್), ಬೆಂಗಳೂರಿನ ಅಂಗಡಿಯಿಂದ, ₹3,350.
ಲೇಟ್ ಬಾಟಲ್ಡ್ ವಿಂಟೇಜ್ (ಇನ್ನು ಮುಂದೆ ಎಲ್‌ಬಿವಿ), ಒಂದೇ ವರ್ಷದ ಸುಗ್ಗಿಯದನ್ನು ತಡವಾಗಿ ಬಾಟಲಿಗೆ ತುಂಬುವ ಬಗೆ, ಇದು ಸೋಸದೆ ತುಂಬಿಸಿದ್ದು, ₹4,800.
ಹತ್ತು ವರ್ಷದ ಟಾನಿ, ಇಪ್ಪತ್ತು ವರ್ಷದ ಟಾನಿ (ಮರದ ಪೀಪಾಯಿಯಲ್ಲಿ ಹಳೆಯದಾದ ಕಂದು ಪೋರ್ಟ್), ಚಿಕ್ಕಪ್ಪನ ಮಗ ಲಿಸ್ಬನ್ನಿಂದ ಬರುವಾಗ ತಂದದ್ದು. ನಮ್ಮ ರೂಪಾಯಿಯಲ್ಲಿ ₹2,700 ಮತ್ತು ₹5,600. ಹೊರದೇಶದಿಂದ ಬರುವವರು ಸುಂಕವಿಲ್ಲದೆ ತರಬಹುದಾದ್ದು ತಲಾ 2 ಲೀಟರ್, ಹಾಗಾಗಿ 750 ಮಿಲಿಯ ಎರಡೇ ಬಾಟಲಿ.
ಬೆಂಗಳೂರು ಬ್ಲೂ ದ್ರಾಕ್ಷಿಯಿಂದ ಮಾಡಿದ ನಮ್ಮ ಕಡೆಯ ಪೋರ್ಟ್, ₹290. ತಾಲೀಮಿಗೆ ಇನ್ನೊಂದು ಸೇರಿ ಎರಡು ಬಾಟಲಿ.

ಗ್ಲಾಸು ಮಾತ್ರ ಆರು. ಎಲ್‌ಬಿವಿಯನ್ನು ಎರಡು ಬೇರೆ ನಂಬರಿನಲ್ಲಿ ಎರಡು ಸಲ ಇಡುವುದು ಎಂದು ನಿರ್ಧರಿಸಿದೆ. ಒಂದೇ ವೈನಿಗೆ ಒಬ್ಬರು ಎರಡು ಸಲ ಹತ್ತಿರ ಹತ್ತಿರದ ಅಂಕ ಕೊಟ್ಟರೆ ಅವರ ನಾಲಿಗೆಯನ್ನು ನಂಬಬಹುದು. ಮೇಜಿಗೆ ಕೂತವರಲ್ಲಿ ಈ ಜೋಡಿಯ ವಿಷಯ ಗೊತ್ತಿದ್ದದ್ದು ನನಗೊಬ್ಬನಿಗೇ.

ಅವತ್ತೇ ಇನ್ನೊಂದು ಲೆಕ್ಕ ಹಾಕಿದೆ, ಹಾಕಿದ್ದು ಒಳ್ಳೆಯದಾಯಿತು. ಮೊದಲು ಅಂದುಕೊಂಡದ್ದು ಗ್ಲಾಸಿಗೆ 50 ಮಿಲಿ. ಆರು ಗ್ಲಾಸಿಗೆ 300 ಮಿಲಿ. ಪೋರ್ಟಿನಲ್ಲಿ ಆಲ್ಕೋಹಾಲ್ ಶೇ. 20ರ ಆಸುಪಾಸು ಇರುತ್ತದೆ, ಮಾಮೂಲಿ ವೈನಿನ ಹಾಗೆ 12–13 ಅಲ್ಲ. ಅಂದರೆ ಒಬ್ಬೊಬ್ಬರಿಗೆ 60 ಮಿಲಿ ಶುದ್ಧ ಆಲ್ಕೋಹಾಲ್, ತೂಕದಲ್ಲಿ 47 ಗ್ರಾಂ. ನಾಲ್ಕನೇ ಗ್ಲಾಸಿಗೆ ಬರುವಷ್ಟರಲ್ಲಿ ಯಾರ ಅಂಕಕ್ಕೂ ಅರ್ಥ ಇರುವುದಿಲ್ಲ. 25 ಮಿಲಿಗೆ ಇಳಿಸಿದೆ. ಮೂಸುವುದಕ್ಕೆ ಮತ್ತು ಎರಡು ಗುಟುಕಿಗೆ ಅಷ್ಟು ಧಾರಾಳ. ಜೊತೆಗೆ ಪ್ರತಿಯೊಬ್ಬರ ಮುಂದೆ ಉಗುಳಲು ಒಂದು ಸ್ಟೀಲ್ ಚೊಂಬು. ಯಾರೂ ಗಾಡಿ ಓಡಿಸಬಾರದು ಎಂದು ಅವತ್ತೇ ಒಂದು ವ್ಯಾನ್ ಗೊತ್ತುಮಾಡಿದೆ, ₹1,800.

ಡಿಸೆಂಬರ್ 6. ಗ್ಲಾಸು

ಆರು ವೈನ್, ಏಳು ಜನ, 42 ಗ್ಲಾಸು. ಮೊದಲು ಶಾಮಿಯಾನದವರ ಹತ್ತಿರ 48 ಗ್ಲಾಸು ಬಾಡಿಗೆಗೆ ತಂದೆ, ಗ್ಲಾಸಿಗೆ ₹6ರಂತೆ ₹288. ಮನೆಗೆ ತಂದು ಒಂದೊಂದನ್ನೇ ಮೂಸಿದೆ. ಕೆಲವದರಲ್ಲಿ ನಿಂಬೆ ವಾಸನೆಯ ಸೋಪು, ಕೆಲವದರಲ್ಲಿ ಗೋಣಿಚೀಲ, ಕೆಲವದರಲ್ಲಿ ಹಳೆಯ ಎಣ್ಣೆ. ಎರಡು ಸಲ ತೊಳೆದರೂ ಹೋಗಲಿಲ್ಲ. ಬಾಯಿ ಅಗಲ ಬೇರೆ, ವಾಸನೆ ಒಳಗೆ ನಿಲ್ಲುವುದೇ ಇಲ್ಲ. ವಾಪಸ್ ಕೊಟ್ಟೆ, ದುಡ್ಡು ಹೋಯಿತು.

ಆಮೇಲೆ ಕೊಂಡದ್ದು 215 ಮಿಲಿ ಅಳತೆಯ, ಹೊಟ್ಟೆ ಅಗಲವಾಗಿ ಬಾಯಿ ಕಿರಿದಾದ ರುಚಿನೋಟದ ಗ್ಲಾಸು. 48ಕ್ಕೆ ತಲಾ ₹85, ಒಟ್ಟು ₹4,080. ಈ ಒಟ್ಟು ಖರ್ಚಿನಲ್ಲಿ ವೈನ್ ಬಿಟ್ಟರೆ ದೊಡ್ಡ ಮೊತ್ತ ಇದೇ, ಆದರೆ ಆಮೇಲೆ ನಾನೇ ಕೆಡಿಸಿದ ಆರು ಗ್ಲಾಸು ಬಿಟ್ಟರೆ ಒಂದು ರೂಪಾಯಿಯೂ ದಂಡವಾಗಲಿಲ್ಲ.

ತೊಳೆಯುವುದರಲ್ಲಿ ಒಂದು ಪಾಠ ಕಲಿತೆ. ನಮ್ಮ ಬೋರ್‌ವೆಲ್ ನೀರು ಗಡಸು, ಒಣಗಿದ ಮೇಲೆ ಗಾಜಿನ ಮೇಲೆ ಬಿಳಿ ಕಲೆ ಕೂರುತ್ತದೆ. ಬಟ್ಟೆಯಿಂದ ಒರೆಸಿದರೆ ಬಟ್ಟೆಯ ಸೋಪಿನ ವಾಸನೆ ಗಾಜಿಗೆ ಹತ್ತುತ್ತದೆ. ಮಗುಚಿ ಒಣಗಿಸಿದರೆ ಒಳಗೆ ಮುಗ್ಗಲು ಗಾಳಿ ನಿಲ್ಲುತ್ತದೆ. ಕೊನೆಗೆ ಸರಿ ಬಂದದ್ದು ಹೀಗೆ: ಬಿಸಿನೀರಿಗೆ ಅಡಿಗೆ ಸೋಡಾ ಹಾಕಿ ತೊಳೆಯುವುದು, ಬರೀ ಬಿಸಿನೀರಲ್ಲಿ ಎರಡು ಸಲ ಜಾಲಿಸುವುದು, ಕೊನೆಯ ಜಾಲಾಟಕ್ಕೆ ಶುದ್ಧ ನೀರಿನ ಘಟಕದ ನೀರು, ಆಮೇಲೆ ಹಗ್ಗಕ್ಕೆ ಬುಡ ಸಿಕ್ಕಿಸಿ ತೂಗುಹಾಕುವುದು. ನಾಲ್ಕು ಕ್ಯಾನ್ ನೀರು, ಕ್ಯಾನಿಗೆ ₹5, ಒಟ್ಟು ₹20.

ಡಿಸೆಂಬರ್ 14. ಬಣ್ಣ ಮುಚ್ಚುವುದು: ಮೊದಲ ಸೋಲು

ಟಾನಿಯನ್ನು ವರ್ಷಗಟ್ಟಲೆ ಮರದ ಪೀಪಾಯಿಯಲ್ಲಿ ಇಡುತ್ತಾರೆ. ಡೌರೊ ಕಡೆಯ ಪೀಪಾಯಿ ಸುಮಾರು 550 ಲೀಟರಿನದು. ಮರದ ಮೂಲಕ ಗಾಳಿ ಸ್ವಲ್ಪಸ್ವಲ್ಪವೇ ಆಡಿ ಕೆಂಪು ಹೋಗಿ ಕಂದು ಬರುತ್ತದೆ, ಇಪ್ಪತ್ತು ವರ್ಷದ್ದಂತೂ ಜೋನಿಬೆಲ್ಲದ ಬಣ್ಣ. ರೂಬಿ, ಎಲ್‌ಬಿವಿಗಳಿಗೆ ಅಷ್ಟು ಗಾಳಿ ತಾಗುವುದಿಲ್ಲ, ಎಲ್‌ಬಿವಿಯನ್ನು ಸುಗ್ಗಿಯಾದ ನಾಲ್ಕರಿಂದ ಆರನೇ ವರ್ಷದೊಳಗೆ ಬಾಟಲಿಗೆ ತುಂಬುತ್ತಾರೆ, ಹಾಗಾಗಿ ನೇರಳೆಗೆಂಪು ಉಳಿಯುತ್ತದೆ. ಬಾಗಿಲಲ್ಲಿ ನಿಂತು ನೋಡಿದವರೂ ಯಾವುದು ಟಾನಿ ಎಂದು ಹೇಳಿಬಿಡಬಹುದು.

ಗ್ಲಾಸಿಗೇ ಕಪ್ಪು ಬಣ್ಣ ಹೊಡೆದರಾಯಿತು ಎಂದು ಎರಡು ಸ್ಪ್ರೇ ಡಬ್ಬ ತಂದೆ, ₹520. ಆರು ಗ್ಲಾಸಿಗೆ ಹೊರಗಡೆ ಎರಡು ಕೋಟು. ಮೂರು ದಿನ ಬಿಸಿಲಲ್ಲಿಟ್ಟೆ. ಹತ್ತು ದಿನ ಕಳೆದರೂ ಮೂಗು ಹತ್ತಿರ ಇಟ್ಟರೆ ಪೇಂಟ್ ವಾಸನೆ. ಬಾಯಂಚಿನ ಹತ್ತಿರ ಉಗುರು ತಾಗಿದರೆ ಸಿಪ್ಪೆ ಎದ್ದು ಬರುತ್ತಿತ್ತು. ಬಾಯಿಗೆ ಇಡುವ ಪಾತ್ರೆ, ಅದು ಆಗುವ ಮಾತಲ್ಲ. ಆರು ಗ್ಲಾಸು, ₹510, ಎರಡು ಡಬ್ಬ, ಎಲ್ಲ ನಷ್ಟ. ಉಳಿದದ್ದು ಸರಿಯಾಗಿ 42, ಒಂದೂ ಹೆಚ್ಚಿಲ್ಲ.

ದಾರಿ ತೋರಿಸಿದವರು ಮೇಷ್ಟ್ರು. "ಗ್ಲಾಸಿಗೆ ಯಾಕೆ ಬಣ್ಣ ಹೊಡೀತೀರಾ, ಬೆಳಕಿಗೇ ಹೊಡೀರಿ" ಅಂದರು. ಕೋಣೆಯಲ್ಲಿ ಕೆಂಪು ದೀಪ ಒಂದೇ ಇದ್ದರೆ ಕೆಂಪು ವೈನೂ ಕಂದು ವೈನೂ ಎರಡೂ ಕೆಂಪು ಬೆಳಕನ್ನು ತಮ್ಮ ಮೂಲಕ ಬಿಡುತ್ತವೆ, ಕಣ್ಣಿಗೆ ಎರಡೂ ಒಂದೇ ಥರದ ಮಂಕು ನೀರು. ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಕೆಂಪು ಝೀರೋ ಬಲ್ಬು ನಾಲ್ಕು ತಂದೆ, ತಲಾ ₹40. ಅವತ್ತು ರಾತ್ರಿ ಒಂದು ಲೋಟದಲ್ಲಿ ನಮ್ಮ ಕಡೆಯ ಪೋರ್ಟ್, ಇನ್ನೊಂದರಲ್ಲಿ ಬ್ಲಾಕ್ ಟೀ ಇಟ್ಟು ನೋಡಿದೆ. ಯಾವುದು ಯಾವುದು ಎಂದು ನನಗೇ ಗೊತ್ತಾಗಲಿಲ್ಲ. ₹160ರಲ್ಲಿ ಕೆಲಸ ಮುಗಿಯಿತು.

ಡಿಸೆಂಬರ್ 28. ತಾಲೀಮು

ನಮ್ಮ ಕಡೆಯ ಬಾಟಲಿ ಒಂದನ್ನು ತೆಗೆದು, ನಾನು, ಮೇಷ್ಟ್ರು, ಬೇಕರಿ ಗೆಳೆಯ ಮೂವರೇ ಕೂತೆವು. ಒಂದೇ ವೈನು, ಮೂರು ನಂಬರು. ರುಚಿ ನೋಡುವುದು ಉದ್ದೇಶವಲ್ಲ, ಕೋಣೆ ಹೇಗಿದೆ ಎಂದು ನೋಡುವುದು. ಕೆಟ್ಟದ್ದೆಲ್ಲ ಅವತ್ತೇ ಕೆಟ್ಟದ್ದು ನನ್ನ ಭಾಗ್ಯ.

ಒಂದು, ನಮ್ಮ ಮನೆಯ ಕೆಳಗಡೆ ಅಣ್ಣನ ಹೂವಿನ ದಾಸ್ತಾನು. ಮಾರ್ಕೆಟ್ಟಿಗೆ ಹೋಗುವ ಸೇವಂತಿಗೆ, ಗುಲಾಬಿ ಮಂಕರಿಗಟ್ಟಲೆ ಬಿದ್ದಿರುತ್ತದೆ. ನಮ್ಮ ಮೂಗಿಗೆ ಅದು ರೂಢಿಯಾಗಿ ಗೊತ್ತೇ ಆಗುವುದಿಲ್ಲ. ಬಂದವರಿಬ್ಬರೂ ಮೂರು ಗ್ಲಾಸಿನಲ್ಲೂ "ಹೂವಿನ ಪರಿಮಳ" ಎಂದು ಬರೆದರು. ಹದಿನೆಂಟಕ್ಕೆ ಆ ದಿನದ ದಾಸ್ತಾನನ್ನು ಶನಿವಾರ ರಾತ್ರಿಯೇ ಸಾಗಿಸಿಬಿಡಲು ಅಣ್ಣನನ್ನು ಕೇಳಿಕೊಂಡೆ, ಒಪ್ಪಿದ.

ಎರಡು, ಅಡುಗೆಮನೆ. ಅವರೆಕಾಯಿ ಕಾಲ. ಹಿತಕಿದವರೆ ಸಾರಿಗೆ ಒಗ್ಗರಣೆ ಬಿದ್ದ ಮೇಲೆ ಇಡೀ ಮಹಡಿಯಲ್ಲಿ ಬೇರೆ ಯಾವ ವಾಸನೆಗೂ ಜಾಗವಿಲ್ಲ. ಸಂಜೆ ದೀಪ ಹಚ್ಚುವಾಗಿನ ಊದುಬತ್ತಿಯೂ ಹಾಗೇ. ಅವತ್ತಿನ ದಿನ ಒಗ್ಗರಣೆ ರಾತ್ರಿ ಎಂಟಕ್ಕೆ ಮೊದಲು ಬೇಡ, ಊದುಬತ್ತಿ ಬೆಳಿಗ್ಗೆ ಮಾತ್ರ ಎಂದು ಮನೆಯವರಿಗೆ ಹೇಳಿದೆ. ಬರುವವರಿಗೂ ಸೆಂಟು, ಬಾಡಿ ಸ್ಪ್ರೇ ಹಾಕಬೇಡಿ, ಒಂದು ಗಂಟೆ ಮುಂಚೆಯಿಂದ ಕಾಫಿ, ಎಲೆಅಡಿಕೆ ಬೇಡ ಎಂದು ಫೋನು ಮಾಡಿದೆ.

ಮೂರು, ಸ್ಟಿಕ್ಕರಿನ ಮೇಲೆ ನಂಬರನ್ನು ಕೆಂಪು ಪೆನ್ನಿನಲ್ಲಿ ಬರೆದಿದ್ದೆ. ಕೆಂಪು ದೀಪ ಹಾಕಿದ ಕೂಡಲೇ ಎಲ್ಲ ನಂಬರೂ ಮಾಯ. ಬಿಳಿ ಸ್ಟಿಕ್ಕರ್ ಖಾಲಿ ಕಾಣುತ್ತದೆ. ಕಪ್ಪು ಬಾಲ್‌ಪೆನ್ನಿನಲ್ಲಿ ಮತ್ತೆ ಬರೆದೆ. ಮಾರ್ಕರ್ ಬೇಡ, ಅದರ ವಾಸನೆ ಗಾಜಿನ ಬುಡದಿಂದ ಮೂಗಿಗೆ ಬರುತ್ತದೆ.

ನಾಲ್ಕು, ಬೇಕರಿ ಗೆಳೆಯ ಮೆಸೇಜು ನೋಡಲು ಫೋನು ತೆಗೆದ. ಆ ಬಿಳಿ ಬೆಳಕಿಗೆ ಅವನ ಮುಂದಿನ ಗ್ಲಾಸುಗಳ ಬಣ್ಣ ಎದ್ದು ಕಂಡಿತು. ಫೋನುಗಳನ್ನು ಬಾಗಿಲಲ್ಲೇ ಒಂದು ಬುಟ್ಟಿಗೆ ಹಾಕಿಸುವುದು ಎಂದಾಯಿತು. ಬಚ್ಚಲುಮನೆ ಬಾಗಿಲಿನ ಸಂದಿಗೂ ಕರಿ ಚಾರ್ಟ್ ಅಂಟಿಸಿದೆ.

ಆವತ್ತು ನಾನು ಬರೆದುಕೊಳ್ಳದೆ ಬಿಟ್ಟದ್ದು ಒಂದಿದೆ: ಮಾತು. ಮೂವರೂ ರುಚಿ ನೋಡುತ್ತಾ ಮಾತಾಡುತ್ತಲೇ ಇದ್ದೆವು. ಅದು ತಪ್ಪೆಂದು ಆಗ ತೋಚಲಿಲ್ಲ.

ಜನವರಿ 10. ತಣುಪು

ಪೋರ್ಟ್ ಮಾಡುವಾಗ ದ್ರಾಕ್ಷಿರಸ ಹುದುಗುತ್ತಿರುವಾಗಲೇ ಶೇ. 77ರ ದ್ರಾಕ್ಷಿ ಸ್ಪಿರಿಟ್ ಸುರಿದು ಹುದುಗು ನಿಲ್ಲಿಸುತ್ತಾರೆ. ಸಿಹಿ ಉಳಿಯುವುದೂ ಅದರಿಂದಲೇ, ಬೆಚ್ಚಗಾದರೆ ಮೂಗಿಗೆ ಚುರ್ರೆನ್ನುವುದೂ ಅದರಿಂದಲೇ. 26 ಡಿಗ್ರಿಯಲ್ಲಿ ಮೂಸಿದಾಗ ಸ್ಪಿರಿಟ್ ಬಿಟ್ಟು ಏನೂ ಸಿಗಲಿಲ್ಲ.

ಟಾನಿಯನ್ನು 12–14 ಡಿಗ್ರಿಯಲ್ಲೂ ರೂಬಿ, ಎಲ್‌ಬಿವಿಗಳನ್ನು 16–18ರಲ್ಲೂ ಕೊಡುವುದು ವಾಡಿಕೆ. ಹಾಗೆ ಮಾಡಿದರೆ ಗ್ಲಾಸು ಮುಟ್ಟಿದ ಕೂಡಲೇ ಗುಟ್ಟು ಬಯಲು. ಎಲ್ಲವೂ ಒಂದೇ, 16 ಎಂದು ಗೊತ್ತುಮಾಡಿದೆ.

ಪೆಟ್ಟಿಗೆ ಅಣ್ಣ ಹೂವು ಕಳಿಸುವ ಥರ್ಮಾಕೋಲ್ ಡಬ್ಬ, ಪುಕ್ಕಟೆ. ತೊಳೆದು ಎರಡು ದಿನ ಬಿಸಿಲಲ್ಲಿಟ್ಟೆ. ಅಡುಗೆಯ ಡಿಜಿಟಲ್ ಥರ್ಮಾಮೀಟರು ₹380. ನೀರು ತುಂಬಿಸಿದ ಆರು ಬಾಟಲಿ ಇಟ್ಟು ಪರೀಕ್ಷೆ ಮಾಡಿದೆ.

ಗಟ್ಟಿಯಾಗಿ ಹೆಪ್ಪುಗಟ್ಟಿದ ಒಂದು ಲೀಟರ್ ನೀರಿನ ಬಾಟಲಿ ಮೂರು ಇಟ್ಟಾಗ ಎರಡು ಗಂಟೆಯಲ್ಲಿ 11ಕ್ಕೆ ಇಳಿಯಿತು, ವಿಪರೀತ. ಎರಡಕ್ಕೆ ಇಳಿಸಿದಾಗ ಒಂದು ಗಂಟೆ ನಲವತ್ತು ನಿಮಿಷಕ್ಕೆ 16. ಆದರೆ ಗ್ಲಾಸಿಗೆ 25 ಮಿಲಿ ಹುಯ್ದ ಮೇಲೆ ಕಾಲು ಗಂಟೆಯಲ್ಲಿ 19ಕ್ಕೆ ಏರಿತು. ಇಷ್ಟು ಕಮ್ಮಿ ಅಳತೆ ಬೇಗ ಬೆಚ್ಚಗಾಗುತ್ತದೆ. ಆದ್ದರಿಂದ ಬಾಟಲಿಯಲ್ಲಿ 14 ಇರುವಾಗ ಹುಯ್ಯುವುದು, ಕುಡಿಯುವ ಹೊತ್ತಿಗೆ 16–17 ಆಗಿರುತ್ತದೆ. ಐಸಿನ ಬಾಟಲಿ ಡಬ್ಬದ ಮಧ್ಯೆ, ವೈನ್ ಸುತ್ತ, ಇಪ್ಪತ್ತು ನಿಮಿಷಕ್ಕೊಮ್ಮೆ ಜಾಗ ಬದಲು. ಇಲ್ಲದಿದ್ದರೆ ಮೂಲೆಯ ಬಾಟಲಿ ಎರಡು ಡಿಗ್ರಿ ಹೆಚ್ಚಿರುತ್ತದೆ.

ಜನವರಿ 16 ಸಂಜೆಯಿಂದ 18 ಮಧ್ಯಾಹ್ನ. ಬಾಟಲಿ ಬದಲಾವಣೆ

ಸೋಸದೆ ತುಂಬಿಸಿದ ಎಲ್‌ಬಿವಿಯಲ್ಲಿ ಗಸಿ ಇರುತ್ತದೆ. ಶುಕ್ರವಾರ ಸಂಜೆ ಬಾಟಲಿಯನ್ನು ನೆಟ್ಟಗೆ ನಿಲ್ಲಿಸಿದವನು ಭಾನುವಾರ ಮಧ್ಯಾಹ್ನದವರೆಗೆ ಮುಟ್ಟಲಿಲ್ಲ.

ಮೂಲ ಬಾಟಲಿಗಳನ್ನು ಮೇಜಿಗೆ ತರುವ ಹಾಗೇ ಇಲ್ಲ. ಕೆಲವಕ್ಕೆ ಕೈಯಲ್ಲೇ ಎಳೆಯುವ ಟೋಪಿ ಬಿರಡೆ, ನನ್ನ ಎಲ್‌ಬಿವಿಗೆ ತಿರುಪುಳಿ ಹಾಕಿ ಎಳೆಯುವ ಉದ್ದನೆಯ ಕಾರ್ಕು, ಡೌರೊ ಬಾಟಲಿಗಳ ಕತ್ತಿನ ಮೇಲೆ ನಂಬರಿರುವ ಮುದ್ರೆಪಟ್ಟಿ. ಬಟ್ಟೆ ಸುತ್ತಿದರೂ ಭುಜದ ಆಕಾರ ಕಾಣುತ್ತದೆ. ಒಂದೇ ಥರದ ಆರು ಗಾಜಿನ ಬಾಟಲಿ ತಂದೆ, ₹420. ಹೊಸ ಸ್ಟೀಲ್ ಆಲಿಕೆ ₹120. 25 ಮಿಲಿಗೆ ಗೀಟು ಇರುವ ಹೊಸ ಅಳತೆ ಜಾಡಿ ₹140. ತೋಟಕ್ಕೆ ಔಷಧಿ ಅಳೆಯುವ ಜಾಡಿ ಮನೆಯಲ್ಲಿತ್ತು, ಅದನ್ನು ಎಷ್ಟು ತೊಳೆದರೂ ಇಂಥ ಕೆಲಸಕ್ಕೆ ಮುಟ್ಟಬಾರದು.

ಗುಟ್ಟು ನನಗೂ ತಿಳಿಯದಿರಲು ಎರಡು ಹಂತ ಮಾಡಿದೆ. ನನ್ನ ಹೆಂಡತಿ ಅಡುಗೆಮನೆಯಲ್ಲಿ ವೈನುಗಳನ್ನು ಹೊಸ ಬಾಟಲಿಗೆ ಬಗ್ಗಿಸಿ ಅ, ಆ, ಇ, ಈ, ಉ, ಊ ಎಂದು ಚೀಟಿ ಅಂಟಿಸಿದಳು. ಆ ಬಾಟಲಿಗಳನ್ನು ಅವಳ ತಮ್ಮ ಬೇರೆ ಕೋಣೆಗೆ ಒಯ್ದು, ಅಕ್ಷರ ಕಿತ್ತು, ಡಬ್ಬಿಯಿಂದ ಚೀಟಿ ಎತ್ತಿ ಮೂರಂಕಿಯ ನಂಬರು ಹಾಕಿದ. ಅಕ್ಷರದ ಪಟ್ಟಿ ಅವಳ ಹತ್ತಿರ, ನಂಬರಿನ ಪಟ್ಟಿ ಅವನ ಹತ್ತಿರ, ಎರಡೂ ಅಂಟಿಸಿದ ಲಕೋಟೆಯಲ್ಲಿ. 1, 2, 3 ಎಂದು ಬರೆದರೆ ಒಂದನೆಯದು ಮೇಲು ಎಂದು ಮನಸ್ಸಿಗೆ ಬರುತ್ತದೆ, ಅದಕ್ಕೆ ಮೂರಂಕಿ. ಬಂದ ನಂಬರುಗಳು 283, 417, 471, 659, 736, 902. 417 ಮತ್ತು 471 ಒಟ್ಟಿಗೆ ಬಂದಾಗಲೇ ಅವನು ಒಂದನ್ನು ಬದಲಿಸಬೇಕಿತ್ತು. ಹಾಗೆ ಅವನಿಗೆ ಹೇಳಿಕೊಡದೆ ಇದ್ದದ್ದು ನಾನು.

ಎಲ್‌ಬಿವಿ ಬಗ್ಗಿಸುವಾಗ ಬಾಟಲಿಯ ಕತ್ತಿನ ಕೆಳಗೆ ಟಾರ್ಚ್ ಹಿಡಿದು, ಗಸಿಯ ಎಳೆ ಕಂಡ ಕೂಡಲೇ ನಿಲ್ಲಿಸು ಎಂದು ಹೆಂಡತಿಗೆ ಹೇಳಿದ್ದೆ. ನಿಧಾನವಾಗಿ, ಕೈ ನಡುಗದೆ ಮಾಡಿದಳು. ತಳದಲ್ಲಿ ಉಳಿದದ್ದು 35 ಮಿಲಿ ಮಾತ್ರ. ಎರಡು ನಂಬರಿಗೆ ಬೇಕಾದ್ದರಿಂದ ಮೊದಲರ್ಧವನ್ನು ಒಂದು ಬಾಟಲಿಗೆ, ಉಳಿದರ್ಧವನ್ನು ಇನ್ನೊಂದಕ್ಕೆ ಬಗ್ಗಿಸಿದಳು. ಹಾಗೆ ಮಾಡು ಎಂದವನೂ ನಾನೇ. ಈ ವಾಕ್ಯವನ್ನು ನೆನಪಿಡಿ.

ಜನವರಿ 18, ಸಂಜೆ 5.30. ಆ ದಿನ

ಹೊರಗೆ ನಂದಿಬೆಟ್ಟದ ಕಡೆಯಿಂದ ತಣ್ಣನೆ ಗಾಳಿ, ಕೋಣೆಯೊಳಗೆ 23 ಡಿಗ್ರಿ. ಫೋನುಗಳು ಬುಟ್ಟಿಗೆ. ಎಲ್ಲರ ಮುಂದೆ ಆರು ಗ್ಲಾಸು, ಚೊಂಬು, ನೀರು, ಸಪ್ಪೆ ಬ್ರೆಡ್ಡಿನ ತುಂಡು, ಒಂದು ಹಾಳೆ. ಹಾಳೆಯಲ್ಲಿ ನಾಲ್ಕೇ ಪ್ರಶ್ನೆ: ವಾಸನೆ ಏನು, ರುಚಿ ಏನು, 20ಕ್ಕೆ ಎಷ್ಟು, ಇದು ಯಾವ ಬಗೆ. ಐದು ವೈನಿನ ಪಟ್ಟಿಯನ್ನು ಮೊದಲೇ ಓದಿ ಹೇಳಿದ್ದೆ.

ಹುಯ್ದವನು ಭಾಮೈದ. ಕೆಂಪು ದೀಪದಲ್ಲಿ ಹದಿನೆಂಟು ನಿಮಿಷ ಹಿಡಿಯಿತು.

ಐದು ನಿಮಿಷವೂ ಆಗಿಲ್ಲ. ದ್ರಾಕ್ಷಿ ಬೆಳೆಯುವ ಹಿರಿಯರು 659ನ್ನು ಮೂಗಿನ ಹತ್ತಿರ ಹಿಡಿದವರು ಬಾಯಿಗೂ ಇಡದೆ ಕೆಳಗಿಟ್ಟರು. "ಇದು ನಮ್ ಬ್ಲೂ ಕಣಪ್ಪಾ. ಕಣ್ಣು ಕಟ್ಟಿದ್ರೂ ಹೇಳ್ತೀನಿ, ನಲವತ್ತು ವರ್ಷ ಇದೇ ವಾಸನೇಲಿ ಎದ್ದಿದೀನಿ." ಇನ್ನೊಬ್ಬ ಬೆಳೆಗಾರ, "ಹೌದಣ್ಣ, ನಮ್ದೇ" ಎಂದ.

ಅವರು ಹೇಳಿದ್ದು ಸರಿ. ಬೆಂಗಳೂರು ಬ್ಲೂಗೆ ಯೂರೋಪಿನ ವೈನ್ ದ್ರಾಕ್ಷಿಗಿಲ್ಲದ ಒಂದು ಗಾಢ ವಾಸನೆಯಿದೆ, ಅಮೆರಿಕದ ಲಬ್ರಸ್ಕಾ ಜಾತಿಯಿಂದ ಬಂದದ್ದು. ದ್ರಾಕ್ಷಿ ಮಿಠಾಯಿ, ದ್ರಾಕ್ಷಿ ಸೋಡಾ ಅಂದರೆ ನಮಗೆ ನೆನಪಾಗುವುದೇ ಅದು. ನಂದಿ ಕಣಿವೆಯ ಈ ಹಣ್ಣಿಗೆ 2013ರಲ್ಲಿ ಭೌಗೋಳಿಕ ಗುರುತು ಸಿಕ್ಕಿದೆ. ತೋಟದವರ ಮೂಗಿಗೆ ಅದನ್ನು ಮರೆಮಾಡುವ ಬಟ್ಟೆ ಯಾವುದೂ ಇಲ್ಲ. ಆ ಮಾತು ಕೇಳಿ ನನಗೆ ಎದೆ ತುಂಬಿ ಬಂತು. ಆದರೆ ಕೆಲಸದ ಲೆಕ್ಕದಲ್ಲಿ ಅದು ನಷ್ಟ. ಗಟ್ಟಿಯಾಗಿ ಹೇಳಿದ ಮೇಲೆ ಉಳಿದವರು 659ಕ್ಕೆ ಕೊಟ್ಟ ಅಂಕ ಅವರ ಸ್ವಂತದ್ದಲ್ಲ. ಹಾಳೆ ಕೊಡುವವರೆಗೆ ಬಾಯಿ ಬಿಡಬಾರದು ಎಂಬ ಒಂದು ಸಾಲಿನ ನಿಯಮವನ್ನು ನಾನು ಮಾಡಿರಲಿಲ್ಲ.

6.40ಕ್ಕೆ ಮೊದಲ ಹಾಳೆ ಮುಗಿಯಿತು. ಬಿಳಿ ದೀಪ ಹಾಕುವ ಮೊದಲೇ ಹಾಳೆಗಳನ್ನು ತೆಗೆದುಕೊಂಡೆ. ಎಲ್ಲರಿಗೂ ಒಂದೊಂದು ಬಿಳಿ ಡ್ರಾಯಿಂಗ್ ಶೀಟು, ಎರಡನೇ ಹಾಳೆ. ಈಗ ಬಣ್ಣ ನೋಡಿ ಮತ್ತೆ ಅಂಕ ಕೊಡುವುದು.

ದೀಪ ಹಾಕಿದೆ. ಮೇಷ್ಟ್ರು ಸಾಲಿನುದ್ದಕ್ಕೂ ಕಣ್ಣಾಡಿಸಿ, "ಏನ್ರೀ, ಇವರಿಬ್ಬರ 417 ಕಂದು, ನಮ್ಮದೆಲ್ಲ ಕೆಂಪು?" ಎಂದರು. ಕೊನೆಯ ಎರಡು ಕುರ್ಚಿ, ಬ್ಯಾಂಕಿನವರು ಮತ್ತು ಚಿಕ್ಕಪ್ಪನ ಮಗ. ಇಬ್ಬರ 417ರಲ್ಲೂ ಕಂದು, 471ರಲ್ಲಿ ಕೆಂಪು. ಕೆಂಪು ದೀಪದಲ್ಲಿ ನಂಬರು ಓದುವಾಗ ಭಾಮೈದನಿಗೆ ಅಂಕಿ ತಿರುವುಮುರುವಾಗಿತ್ತು. ಅದಲುಬದಲು ಮಾಡಿ ಲೆಕ್ಕ ಹಿಡಿಯಬಹುದಲ್ಲ ಎಂದರು ಕೆಲವರು. ನಾನು ಒಪ್ಪಲಿಲ್ಲ. ಯಾವುದರ ನಂತರ ಯಾವುದನ್ನು ಕುಡಿದರು ಎಂಬುದೂ ರುಚಿಯನ್ನು ಬದಲಿಸುತ್ತದೆ. ಆ ಇಬ್ಬರ ಆ ಎರಡು ಅಂಕಗಳನ್ನು ಹೊಡೆದು ಹಾಕಿದೆವು. ಭಾಮೈದ ಬಹಳ ನೊಂದುಕೊಂಡ. ಅವನದೇನೂ ತಪ್ಪಿಲ್ಲ, ಅಂಥ ಎರಡು ನಂಬರನ್ನು ಒಂದೇ ಮೇಜಿಗೆ ಬಿಟ್ಟದ್ದು ತಪ್ಪು.

ಲಕೋಟೆ ಒಡೆದ ಮೇಲೆ

ಕೆಂಪು ದೀಪದ ಸರಾಸರಿ, 20ಕ್ಕೆ:

471, ಇಪ್ಪತ್ತು ವರ್ಷದ ಟಾನಿ: 16.2 (ಐದು ಜನ)
417, ಎಲ್‌ಬಿವಿ, ಮೊದಲರ್ಧ: 15.4 (ಐದು ಜನ)
736, ಹತ್ತು ವರ್ಷದ ಟಾನಿ: 14.6
283, ರೂಬಿ ರಿಸರ್ವ್: 13.0
902, ಎಲ್‌ಬಿವಿ, ಎರಡನೇ ಅರ್ಧ: 11.9
659, ಬೆಂಗಳೂರು ಬ್ಲೂ: 11.3 (ಮಾತಿನಿಂದ ಕೆಟ್ಟದ್ದು, ಇದಕ್ಕೆ ಬೆಲೆ ಕೊಡಲಾರೆ)

ಬಿಳಿ ದೀಪದಲ್ಲಿ ರೂಬಿ 14.1ಕ್ಕೆ ಏರಿತು, ಹತ್ತು ವರ್ಷದ ಟಾನಿ 13.4ಕ್ಕೆ ಇಳಿಯಿತು. ಅದೇ ಗ್ಲಾಸು, ಅದೇ ವೈನು, ಅದೇ ಜನ, ನಡುವೆ ಹತ್ತು ನಿಮಿಷ. ಒಳ್ಳೆಯ ಪೋರ್ಟ್ ಕಡುಗೆಂಪಾಗಿರಬೇಕು ಎಂದು ನಮ್ಮ ಕಣ್ಣು ಮೊದಲೇ ತೀರ್ಮಾನ ಮಾಡಿದೆ. ಕೆಂಪು ದೀಪಕ್ಕೆ ಪಟ್ಟ ಪಾಡು ಸಾರ್ಥಕವಾಯಿತು ಎನ್ನಿಸಿದ್ದು ಈ ಎರಡು ಅಂಕಿ ನೋಡಿ.

ಇನ್ನು ಜೋಡಿ. ನನಗೆ ಗುಟ್ಟು ಗೊತ್ತಿದ್ದರಿಂದ ನನ್ನದನ್ನು ಬಿಟ್ಟೆ, ಅಂಕಿ ತಿರುವಾದ ಇಬ್ಬರನ್ನೂ ಬಿಟ್ಟೆ, ಉಳಿದವರು ನಾಲ್ವರು. 417ಕ್ಕೂ 902ಕ್ಕೂ ಅವರು ಕೊಟ್ಟದ್ದು: 16 ಮತ್ತು 12, 15 ಮತ್ತು 11, 15 ಮತ್ತು 14, 16 ಮತ್ತು 10. ಒಂದೇ ಬಾಟಲಿ! ಬೇಕರಿ ಗೆಳೆಯ ಹಾಳೆ ನೋಡಿ ಸುಮ್ಮನೆ ಕೂತುಬಿಟ್ಟ. ತನ್ನ ನಾಲಿಗೆ ಯಾವುದಕ್ಕೂ ಬಾರದು ಎಂದು ಅವನಿಗೆ ಅನ್ನಿಸಿದ್ದು ಮುಖದಲ್ಲೇ ಕಾಣುತ್ತಿತ್ತು.

ಆದರೆ ನಾಲ್ವರೂ 902ನ್ನೇ ಕೆಳಗಿಟ್ಟಿದ್ದಾರೆ. ನಾಲಿಗೆ ತಪ್ಪಿದ್ದರೆ ಕೆಲವರು ಅತ್ತ, ಕೆಲವರು ಇತ್ತ ಹೋಗಬೇಕಿತ್ತು. ಹಾಳೆಗಳನ್ನು ಮತ್ತೆ ಓದಿದೆ. 902ಕ್ಕೆ ಇಬ್ಬರು "ಕಹಿ", ಒಬ್ಬರು "ನಾಲಿಗೆ ಒರಟು" ಎಂದು ಬರೆದಿದ್ದರು. 417ಕ್ಕೆ ಎಲ್ಲರೂ ನೇರಳೆ ಹಣ್ಣು, ಕಾಳುಮೆಣಸು. ಉಳಿದ 902ನ್ನು ಬಿಳಿ ಹಾಳೆಯ ಎದುರು ಟಾರ್ಚ್ ಹಾಕಿ ನೋಡಿದಾಗ ಧೂಳಿನಂತೆ ನುಣ್ಣನೆಯ ಗಸಿ ತೇಲುತ್ತಿತ್ತು. ಬಾಟಲಿಯ ಮೇಲರ್ಧ ತಿಳಿ, ಕೆಳಗಿನರ್ಧ ಮಂಕು. ಎಳೆಯಾಗಿ ಬರುವ ದಪ್ಪ ಗಸಿಯನ್ನು ತಡೆದಿದ್ದೆವು, ನುಣ್ಣನೆಯದು ಕಣ್ಣು ತಪ್ಪಿಸಿತ್ತು. ಮೊದಲು ಎಲ್ಲವನ್ನೂ ಒಂದು ಜಗ್ಗಿಗೆ ಬಗ್ಗಿಸಿ, ಕಲಸಿ, ಆಮೇಲೆ ಎರಡು ಪಾಲು ಮಾಡಬೇಕಿತ್ತು. ಒಂದೇ ವೈನೆಂದು ನಾನು ಇಟ್ಟದ್ದು ಎರಡು ಬೇರೆ ವೈನು. ರುಚಿ ನೋಡಿದವರು ಅದನ್ನು ಸರಿಯಾಗಿಯೇ ಹಿಡಿದಿದ್ದರು. ಹಾಗೆಂದು ಅವತ್ತೇ ಎಲ್ಲರಿಗೂ ಹೇಳಿದೆ.

ಆಮೇಲೆ ಎಂಟಕ್ಕೆ ಒಗ್ಗರಣೆ ಬಿತ್ತು, ಮುದ್ದೆ ಮತ್ತು ಹಿತಕಿದವರೆ ಸಾರು. ಊಟಕ್ಕೆ ಮೊದಲು ಸಂಕ್ರಾಂತಿಯಲ್ಲಿ ಉಳಿದ ಎಳ್ಳುಬೆಲ್ಲದ ಡಬ್ಬ ತಂದು ಮಧ್ಯೆ ಇಟ್ಟಳು ಹೆಂಡತಿ. ಇಪ್ಪತ್ತು ವರ್ಷದ ಟಾನಿಯ ಒಂದು ಗುಟುಕು, ಒಂದು ಚಿಟಿಕೆ ಎಳ್ಳುಬೆಲ್ಲ. ಹುರಿದ ಕಡಲೆಬೀಜ, ಬೆಲ್ಲದ ಪಾಕ, ಒಣ ಕಿತ್ತಳೆ ಸಿಪ್ಪೆ ಎಂದು ಹಾಳೆಯಲ್ಲಿ ಬರೆದದ್ದೆಲ್ಲ ಬಾಯಲ್ಲಿ ಒಂದಾಯಿತು. ಇಂಗ್ಲೆಂಡಿನಲ್ಲಿ ಪೋರ್ಟಿನ ಜೊತೆ ನೀಲಿ ಗೆರೆಯ ಚೀಸು, ವಾಲ್‌ನಟ್ ಇಡುತ್ತಾರೆ. ನಮಗೆ ಅದರ ಅಗತ್ಯವಿಲ್ಲ, ಕೊಬ್ಬರಿ ತುಂಡು ಹೆಚ್ಚಿರುವ ಎಳ್ಳುಬೆಲ್ಲ ಸಾಕು.

ಖರ್ಚು

ಮೇಲೆ ಬರೆದದ್ದರ ಜೊತೆ ಚಾರ್ಟು, ಸ್ಟಿಕ್ಕರು ₹90, ಬ್ರೆಡ್ಡು ಮತ್ತಿತರ ₹210. ಒಟ್ಟು ₹25,258. ಬಾಡಿಗೆ ಗ್ಲಾಸು, ಸ್ಪ್ರೇ, ಕೆಟ್ಟ ಆರು ಗ್ಲಾಸು ಸೇರಿ ₹1,318 ನನ್ನ ತಪ್ಪಿನದು, ಅದನ್ನು ನಾನೇ ಹಾಕಿಕೊಂಡೆ. ಉಳಿದ ₹23,940 ಏಳು ಪಾಲು, ತಲಾ ₹3,420.

ಜನವರಿ 20. ಜೋಡಿ, ಎರಡನೇ ಸಲ

ಎಲ್‌ಬಿವಿ ಎರಡೂ ಬಾಟಲಿಯಲ್ಲಿ 180 ಮಿಲಿಯಷ್ಟು ಉಳಿದಿತ್ತು. ಫ್ರಿಜ್ಜಿನಲ್ಲಿ ನೆಟ್ಟಗೆ ಎರಡು ದಿನ ಇಟ್ಟು, ಎರಡರ ತಿಳಿಯನ್ನಷ್ಟೇ ಒಂದು ಜಗ್ಗಿಗೆ ಬಗ್ಗಿಸಿ, ಕಲಸಿ, ಎರಡು ಪಾಲು ಮಾಡಿಸಿದೆ. ನಂಬರು 358 ಮತ್ತು 926. ನಡುವೆ ರೂಬಿಯದೊಂದು ಗ್ಲಾಸು ಸೇರಿಸಿ, ಜೋಡಿ ಇದೆಯೆಂದಾಗಲಿ ಇಲ್ಲವೆಂದಾಗಲಿ ಹೇಳಲಿಲ್ಲ. ಕೂತವರು ಮೇಷ್ಟ್ರು, ಹಿರಿಯ ಬೆಳೆಗಾರರು, ಬೇಕರಿ ಗೆಳೆಯ. ಈ ಸಲ ಹಾಳೆ ಕೊಡುವವರೆಗೆ ಯಾರೂ ಮಾತಾಡಲಿಲ್ಲ.

ಮೇಷ್ಟ್ರು 15 ಮತ್ತು 15. ಬೆಳೆಗಾರರು 14 ಮತ್ತು 15. ಬೇಕರಿ ಗೆಳೆಯ 16 ಮತ್ತು 15. ಅವನ ಹಾಳೆಯ ಕೆಳಗೆ ಸಣ್ಣದಾಗಿ ಬರೆದಿತ್ತು: "ಎರಡೂ ಒಂದೇನಾ?"